ಸಂಶೋಧನಾ ಉಪಕರಣದ ಗುಣಮಟ್ಟ ಪರೀಕ್ಷಿಸುವುದು ಹೇಗೆ: ಎಂ.ಇಡಿ. ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಶಿಕ್ಷಣ ವಿಭಾಗದ ಮೌಖಿಕ ಪರೀಕ್ಷೆಗಳಲ್ಲಿ ವಿದ್ಯಾರ್ಥಿಗಳು ಮುಗ್ಗರಿಸುವ ಜಾಗ ಹೆಚ್ಚುಕಡಿಮೆ ಒಂದೇ. ಉಪಕರಣ ಎಂದರೆ ದತ್ತಾಂಶ ಸಂಗ್ರಹಿಸಲು ಬಳಸುವ ಪರೀಕ್ಷೆ ಅಥವಾ ಮಾಪನಿ, ವಿಶ್ವಾಸಾರ್ಹತೆ ಎಂದರೆ ಅದರ ಅಂಕಗಳು ಎಷ್ಟು ಸ್ಥಿರ ಎಂಬುದರ ಅಳತೆ. “ನಿಮ್ಮ ಉಪಕರಣದ ವಿಶ್ವಾಸಾರ್ಹತೆ ಎಷ್ಟು?” ಎಂದು ಕೇಳಿದರೆ “0.82 ಸರ್” ಎಂಬ ಉತ್ತರ ಥಟ್ಟನೆ ಬರುತ್ತದೆ. “ಅದು ಯಾವ ಮಕ್ಕಳ ಅಂಕಗಳಿಂದ ಬಂತು? ಯಾವ ಪ್ರಶ್ನೆಗಳನ್ನು ಕೈಬಿಟ್ಟ ಮೇಲೆ ಬಂತು?” ಎಂದು ಕೇಳಿದರೆ ಮಾತು ನಿಂತುಹೋಗುತ್ತದೆ.

ತೊಂದರೆ ಲೆಕ್ಕದ್ದಲ್ಲ, ಕ್ರಮದ್ದು. ನೀಲನಕ್ಷೆ (ಯಾವ ಭಾಗದಿಂದ ಎಷ್ಟು ಪ್ರಶ್ನೆ ಎಂಬ ಯೋಜನೆ), ತಜ್ಞರ ಪರಿಶೀಲನೆ, ಮಕ್ಕಳ ಓದು, ಪೈಲಟ್ (ಮುಖ್ಯ ಅಧ್ಯಯನಕ್ಕೆ ಮೊದಲಿನ ಪ್ರಾಯೋಗಿಕ ಪರೀಕ್ಷೆ), ಐಟಂ ಅನಾಲಿಸಿಸ್ (ಒಂದೊಂದೇ ಪ್ರಶ್ನೆಯ ತಪಾಸಣೆ), ಆಮೇಲೆ ವಿಶ್ವಾಸಾರ್ಹತೆ: ಕೆಲಸ ನಡೆಯಬೇಕಾದ್ದು ಹೀಗೆ. ಈ ಸಾಲನ್ನು ಹಿಂದುಮುಂದು ಮಾಡಿದರೂ ಕಂಪ್ಯೂಟರ್ ಒಂದು ಸಂಖ್ಯೆಯನ್ನು ಕೊಟ್ಟೇ ಕೊಡುತ್ತದೆ, ತಪ್ಪಾಗಿದೆ ಎಂದು ಅದು ಹೇಳುವುದಿಲ್ಲ. ಹಾಗಾಗಿ ಕ್ರಮ ಕಾಯುವ ಜವಾಬ್ದಾರಿ ನಿಮ್ಮದೇ.

ಉದಾಹರಣೆಗೆ ಎರಡು ಉಪಕರಣಗಳನ್ನು ಇಟ್ಟುಕೊಳ್ಳೋಣ. ಒಂದು, ಕನ್ನಡ ಮಾಧ್ಯಮದ ಎಂಟನೇ ತರಗತಿ ಮಕ್ಕಳಿಗೆ ವಿಜ್ಞಾನದ ‘ಬಲ ಮತ್ತು ಒತ್ತಡ’ ಘಟಕದ ಮೇಲೆ ನೀವೇ ತಯಾರಿಸುವ 30 ಬಹು ಆಯ್ಕೆ ಪ್ರಶ್ನೆಗಳ ಸಾಧನಾ ಪರೀಕ್ಷೆ. ಇನ್ನೊಂದು, ವಿಜ್ಞಾನ ಕಲಿಕೆಯ ಬಗ್ಗೆ ಐದು ಅಂಶಗಳ (ಪ್ರತಿ ಹೇಳಿಕೆಗೆ 1ರಿಂದ 5ರವರೆಗೆ ಅಂಕ ಇರುವ) ಮನೋಭಾವ ಮಾಪನಿ. ಮುಂದೆ ಬರುವ ಅಂಕಿಗಳೆಲ್ಲ ಲೆಕ್ಕ ತೋರಿಸಲು ಕೊಟ್ಟವು.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದವು

ಎಕ್ಸೆಲ್ ಅಥವಾ ಲಿಬ್ರೆ ಆಫೀಸ್ ಕ್ಯಾಲ್ಕ್ ಸಾಕು. ಮಾಪನಿಯ ಲೆಕ್ಕಗಳಿಗೆ ಜಾಸ್ಪ್ ಅಥವಾ ಜಮೋವಿ ಎಂಬ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ವಿಭಾಗದಲ್ಲಿ ಎಸ್‌ಪಿಎಸ್‌ಎಸ್ ಇದ್ದರೆ ಅದನ್ನೇ ಬಳಸಿ. ಎಂಟರಿಂದ ಹತ್ತು ತಜ್ಞರು, ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಅನುಮತಿ ಪತ್ರ, ಪೋಷಕರ ಒಪ್ಪಿಗೆ, ಪೈಲಟ್‌ಗೆ ಕನಿಷ್ಠ ನೂರು ಮಕ್ಕಳು ಬೇಕು.

ಸಮಯದ ಲೆಕ್ಕವನ್ನೂ ಈಗಲೇ ಹಾಕಿ. ಪ್ರತಿಭಾ ಕಾರಂಜಿ, ದಸರಾ ರಜೆ, ಸಂಕಲನಾತ್ಮಕ ಪರೀಕ್ಷೆಗಳ ನಡುವೆ ಶಾಲೆಯಲ್ಲಿ ಎರಡು ಪೀರಿಯಡ್ ಸಿಗುವುದು ಕಷ್ಟ. ಪೈಲಟ್ ಮತ್ತು ಮುಖ್ಯ ದತ್ತಾಂಶ ಸಂಗ್ರಹದ ನಡುವೆ ಕನಿಷ್ಠ ಒಂದು ತಿಂಗಳು ಬಿಡಿ. ಈ ಒಂದು ತಿಂಗಳು ಇಲ್ಲದವರೇ ಪೈಲಟ್ ಫಲಿತಾಂಶವನ್ನು ನೋಡದೆ ಮುಂದೆ ಹೋಗುವುದು.

## ಹಂತ 1: ಏನನ್ನು ಅಳೆಯುತ್ತೀರಿ ಎಂದು ಬರೆದಿಡಿ

ಪ್ರಶ್ನೆ ಬರೆಯಲು ಕೂರುವ ಮೊದಲು ನೀಲನಕ್ಷೆ ಸಿದ್ಧವಾಗಬೇಕು. ಅಡ್ಡ ಸಾಲಿನಲ್ಲಿ ಸ್ಮರಣೆ, ಗ್ರಹಿಕೆ, ಅನ್ವಯ. ಎಡಗಡೆ ಮೇಲಿನಿಂದ ಕೆಳಕ್ಕೆ ಉಪಘಟಕಗಳು: ಬಲದ ಪರಿಣಾಮಗಳು, ಸಂಪರ್ಕ ಬಲ, ಸಂಪರ್ಕರಹಿತ ಬಲ, ಒತ್ತಡ, ದ್ರವ ಮತ್ತು ಅನಿಲಗಳ ಒತ್ತಡ. ಪ್ರತಿ ಚೌಕದಲ್ಲಿ ಎಷ್ಟು ಪ್ರಶ್ನೆ ಎಂದು ತುಂಬಿ.

ಕೊನೆಗೆ 30 ಪ್ರಶ್ನೆ ಬೇಕಿದ್ದರೆ ಕರಡಿನಲ್ಲಿ 45ರಿಂದ 50 ಇರಲಿ. ಮುಂದಿನ ಹಂತಗಳಲ್ಲಿ ಹತ್ತು ಹದಿನೈದು ಬಿದ್ದುಹೋಗುವುದು ಸಹಜ. ಮೂವತ್ತೇ ಬರೆದುಕೊಂಡು ಹೊರಟವರಿಗೆ ಕೆಟ್ಟ ಪ್ರಶ್ನೆಯನ್ನೂ ಕೈಬಿಡಲು ಮನಸ್ಸಾಗುವುದಿಲ್ಲ.

ಮಾಪನಿಗೂ ಇದೇ ನಿಯಮ. ‘ವಿಜ್ಞಾನದ ಬಗ್ಗೆ ಮನೋಭಾವ’ ಎಂದಷ್ಟೇ ಬರೆದರೆ ಸಾಲದು. ಆಸಕ್ತಿ, ಆತಂಕ, ಉಪಯುಕ್ತತೆಯ ನಂಬಿಕೆ ಎಂದು ಆಯಾಮಗಳನ್ನು ಬಿಡಿಸಿ, ಯಾವ ಹೇಳಿಕೆ ಯಾವ ಆಯಾಮಕ್ಕೆ ಸೇರಿದ್ದು ಎಂದು ಗುರುತು ಹಾಕಿಡಿ. ವಿಶ್ವಾಸಾರ್ಹತೆಯ ಲೆಕ್ಕಕ್ಕೆ ಈ ಗುರುತು ಬೇಕಾಗುತ್ತದೆ.

## ಹಂತ 2: ಸಿದ್ಧ ಮಾಪನಿ ಬಳಸುವವರು ಮಾಡಬೇಕಾದ್ದು

ಬೇರೆಯವರು ತಯಾರಿಸಿದ ಮಾಪನಿಯನ್ನು ತೆಗೆದುಕೊಳ್ಳುವುದಾದರೆ ಮೊದಲು ಅನುಮತಿ ಪಡೆಯಿರಿ, ಮಾರಾಟಕ್ಕಿರುವುದಾದರೆ ಕೊಂಡುಕೊಳ್ಳಿ. ಕೈಪಿಡಿಯಲ್ಲಿ ಮುದ್ರಿಸಿರುವ ವಿಶ್ವಾಸಾರ್ಹತೆಯ ಸಂಖ್ಯೆ ಆ ಊರಿನ, ಆ ಕಾಲದ, ಆ ಭಾಷೆಯ ಮಕ್ಕಳ ಅಂಕಗಳದ್ದು. ಅದನ್ನು ಪ್ರಬಂಧದಲ್ಲಿ ಉಲ್ಲೇಖಿಸಬಹುದು, ನಿಮ್ಮದೆಂದು ಹೇಳುವಂತಿಲ್ಲ. ವಿಶ್ವಾಸಾರ್ಹತೆ ಕಾಗದದ ಮೇಲಿನ ಪ್ರಶ್ನೆಗಳಿಗೆ ಅಂಟಿಕೊಂಡಿರುವುದಿಲ್ಲ. ಒಂದು ನಿರ್ದಿಷ್ಟ ಗುಂಪು ಆ ಪ್ರಶ್ನೆಗಳಿಗೆ ಪಡೆದ ಅಂಕಗಳಿಗೆ ಸೇರಿದ್ದು. ರಾಯಚೂರಿನ ಮಕ್ಕಳಿಗೆ ಕೊಟ್ಟರೆ ರಾಯಚೂರಿನ ಮಕ್ಕಳ ಅಂಕಗಳಿಂದಲೇ ಮತ್ತೆ ಲೆಕ್ಕ ಹಾಕಬೇಕು.

ಇಂಗ್ಲಿಷಿನಿಂದ ಕನ್ನಡಕ್ಕೆ ತರುವಾಗ ಇಬ್ಬರು ಬೇರೆ ಬೇರೆಯಾಗಿ ಅನುವಾದಿಸಲಿ. ಎರಡನ್ನೂ ಹೋಲಿಸಿ ಒಂದು ಕರಡು ಮಾಡಿ. ಮೂಲವನ್ನು ನೋಡಿರದ ಮೂರನೆಯವರೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತರಲಿ. ಈ ಮರು ಅನುವಾದ ಮೂಲದಿಂದ ದೂರ ಹೋದ ಕಡೆ ಕನ್ನಡ ವಾಕ್ಯವನ್ನು ತಿದ್ದಿ. ಬ್ರಿಸ್ಲಿನ್ 1970ರಲ್ಲಿ ವಿವರಿಸಿದ ಈ ಮರು ಅನುವಾದದ ಕ್ರಮ ಇಂದಿಗೂ ಬಳಕೆಯಲ್ಲಿದೆ. ಇದಾದ ಮೇಲೂ ಮುಂದಿನ ಎಲ್ಲ ಹಂತಗಳೂ ನಿಮಗೆ ಅನ್ವಯಿಸುತ್ತವೆ.

## ಹಂತ 3: ತಜ್ಞರ ಪರಿಶೀಲನೆ

‘ಉಪಕರಣವನ್ನು ತಜ್ಞರಿಗೆ ತೋರಿಸಿ ಸಲಹೆ ಪಡೆಯಲಾಯಿತು’ ಎಂಬ ಒಂದು ಸಾಲು ಪ್ರಬಂಧದಿಂದ ಪ್ರಬಂಧಕ್ಕೆ ಸಾಗಿ ಬರುತ್ತಿದೆ. ಅದು ಪುರಾವೆಯಾಗುವುದಿಲ್ಲ. ಪುರಾವೆ ಬೇಕಾದರೆ ಪ್ರತಿ ಪ್ರಶ್ನೆಗೂ ಪ್ರತಿ ತಜ್ಞರ ಅಭಿಪ್ರಾಯ ಬರಹದಲ್ಲಿರಬೇಕು.

ತಜ್ಞರಲ್ಲಿ ಎಲ್ಲರೂ ಶಿಕ್ಷಣ ಕಾಲೇಜಿನ ಪ್ರಾಧ್ಯಾಪಕರೇ ಆಗುವುದು ಬೇಡ. ಎಂಟನೇ ತರಗತಿಗೆ ಈಗಲೂ ವಿಜ್ಞಾನ ಕಲಿಸುತ್ತಿರುವ ಇಬ್ಬರು ಮೂವರು ಶಿಕ್ಷಕರು ಇರಲೇಬೇಕು. ಯಾವ ಪದ ಮಕ್ಕಳಿಗೆ ಗೊತ್ತು, ಯಾವ ಚಿತ್ರ ಪಠ್ಯದಲ್ಲಿಲ್ಲ ಎಂದು ಹೇಳಬಲ್ಲವರು ಅವರೇ. ನೀಲನಕ್ಷೆ, ಪ್ರಶ್ನೆಗಳು, ಕೀ ಉತ್ತರ ಮೂರನ್ನೂ ಕೊಟ್ಟು, ಪ್ರತಿ ಪ್ರಶ್ನೆಯ ಮುಂದೆ ‘ಅತ್ಯಗತ್ಯ’, ‘ಉಪಯುಕ್ತ ಆದರೆ ಅತ್ಯಗತ್ಯವಲ್ಲ’, ‘ಅನಗತ್ಯ’ ಎಂಬ ಮೂರು ಕಾಲಂ ಇಡಿ. ತಜ್ಞರು ಒಬ್ಬರನ್ನೊಬ್ಬರು ವಿಚಾರಿಸದೆ ತುಂಬಬೇಕು.

ಲೆಕ್ಕಕ್ಕೆ ಲಾಶೆ 1975ರಲ್ಲಿ ಕೊಟ್ಟ ವಿಷಯ ಸಪ್ರಮಾಣತೆಯ (ಅಳೆಯಬೇಕಾದ ವಿಷಯವನ್ನೇ ಪ್ರಶ್ನೆಗಳು ಅಳೆಯುತ್ತವೆಯೇ ಎಂಬುದರ) ಅನುಪಾತ ಸರಳ. ‘ಅತ್ಯಗತ್ಯ’ ಎಂದವರ ಸಂಖ್ಯೆಯಿಂದ ತಜ್ಞರ ಒಟ್ಟು ಸಂಖ್ಯೆಯ ಅರ್ಧವನ್ನು ಕಳೆದು, ಅದೇ ಅರ್ಧದಿಂದ ಭಾಗಿಸಿ. ಎಂಟು ಜನರಲ್ಲಿ ಏಳು ಜನ ಅತ್ಯಗತ್ಯ ಎಂದರೆ 7ರಿಂದ 4 ಕಳೆದು 4ರಿಂದ ಭಾಗಿಸಿದಾಗ 0.75. ಎಂಟು ತಜ್ಞರಿಗೆ ಲಾಶೆ ಕೋಷ್ಟಕದ ಕನಿಷ್ಠವೂ 0.75, ಹಾಗಾಗಿ ಪ್ರಶ್ನೆ ಉಳಿಯುತ್ತದೆ. ಆರೇ ಜನ ಒಪ್ಪಿದರೆ 0.50, ಪ್ರಶ್ನೆ ಹೋಗುತ್ತದೆ. ತಜ್ಞರು ಐದೇ ಜನ ಇದ್ದರೆ ಐವರೂ ಒಪ್ಪಬೇಕು. ಎಂಟರಿಂದ ಹತ್ತು ಎಂದು ಮೊದಲೇ ಹೇಳಿದ್ದು ಇದಕ್ಕೇ.

ಎಲ್ಲ ತಜ್ಞರೂ ಎಲ್ಲ ಪ್ರಶ್ನೆಗಳಿಗೂ ‘ಅತ್ಯಗತ್ಯ’ ಎಂದು ಸಾಲಾಗಿ ಟಿಕ್ ಹಾಕಿ ಕೊಟ್ಟಿದ್ದರೆ ಅದು ಎಚ್ಚರಿಕೆಯ ಗಂಟೆ. ಯಾರೂ ಓದಿಲ್ಲ. ಇನ್ನಿಬ್ಬರನ್ನು ಹುಡುಕಿ, ಎದುರಿಗೆ ಕೂತು ಮಾಡಿಸಿ.

## ಹಂತ 4: ಆರೆಂಟು ಮಕ್ಕಳೊಂದಿಗೆ ಓದಿ ನೋಡಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ಇದಕ್ಕೆ ಬೇಕಾಗುವುದು ಒಂದು ಮಧ್ಯಾಹ್ನ ಮಾತ್ರ. ಚೆನ್ನಾಗಿ ಓದುವವರು, ಸಾಧಾರಣ, ಓದಲು ತಡವರಿಸುವವರು ಹೀಗೆ ಬೆರೆಸಿ ಆರೆಂಟು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಳ್ಳಿ. ಪ್ರಶ್ನೆಯನ್ನು ಜೋರಾಗಿ ಓದಿಸಿ. “ಇದರಲ್ಲಿ ಏನು ಕೇಳಿದ್ದಾರೆ? ನಿನ್ನ ಮಾತಲ್ಲಿ ಹೇಳು” ಎನ್ನಿ. ಉತ್ತರ ಸರಿಯೋ ತಪ್ಪೋ ಎಂದು ಹೇಳಬೇಡಿ, ಕಲಿಸಲು ಹೋಗಬೇಡಿ.

ಹೀಗೆ ಕೂತಾಗ ಹೊರಬರುವ ದೋಷಗಳನ್ನು ಯಾವ ಸಂಖ್ಯಾಶಾಸ್ತ್ರವೂ ಹಿಡಿಯಲಾರದು. ‘ವಿಜ್ಞಾನ ಪಾಠ ಮತ್ತು ವಿಜ್ಞಾನ ಶಿಕ್ಷಕರು ನನಗೆ ಇಷ್ಟ’ ಎಂಬ ಹೇಳಿಕೆಗೆ ಒಬ್ಬ ಹುಡುಗಿ “ಪಾಠ ಇಷ್ಟ ಮಿಸ್, ಸರ್ ಬೈತಾರೆ” ಎಂದರೆ ಅವಳು ಯಾವ ಚೌಕಕ್ಕೆ ಟಿಕ್ ಹಾಕಬೇಕು? ಎರಡು ವಿಷಯ ಸೇರಿದ ಹೇಳಿಕೆಯನ್ನು ಒಡೆಯಿರಿ. ‘ವಿಜ್ಞಾನ ನನಗೆ ಕಷ್ಟವಲ್ಲ ಎಂದೇನೂ ಇಲ್ಲ’ ಎಂಬಂಥ ಎರಡು ನಿಷೇಧದ ವಾಕ್ಯದಲ್ಲಿ ದೊಡ್ಡವರೇ ತಪ್ಪುತ್ತಾರೆ, ಅದನ್ನು ಕಿತ್ತುಹಾಕಿ.

ಅಚ್ಚಿನ ಕೆಲಸವನ್ನೂ ಇಲ್ಲೇ ಪರೀಕ್ಷಿಸಿ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಪರಿವರ್ತಿಸಿ ಗೂಗಲ್ ಫಾರ್ಮ್‌ಗೆ ಅಂಟಿಸಿದಾಗ ಒತ್ತಕ್ಷರ, ಅರ್ಕಾವತ್ತು ಜಾಗ ಬದಲಿಸಿಬಿಡುತ್ತವೆ. ‘ವಿಸ್ತೀರ್ಣ’ ಸರಿಯಾಗಿ ಮೂಡದ ಪ್ರಶ್ನೆಯನ್ನು ಮಗು ತಪ್ಪು ಮಾಡಿದರೆ ಅದು ವಿಜ್ಞಾನದ ತಪ್ಪಲ್ಲ.

## ಹಂತ 5: ಪೈಲಟ್

ಮುಖ್ಯ ಅಧ್ಯಯನದ ಮಕ್ಕಳಂಥವರೇ ಆಗಿರಬೇಕು, ಆದರೆ ಅವರೇ ಆಗಿರಬಾರದು. ಸರ್ಕಾರಿ ಶಾಲೆಗಳ ಅಧ್ಯಯನಕ್ಕೆ ಪಟ್ಟಣದ ಖಾಸಗಿ ಶಾಲೆಯಲ್ಲಿ ಪೈಲಟ್ ಮಾಡಿದರೆ ಪ್ರಶ್ನೆಗಳೆಲ್ಲ ಸುಲಭವಾಗಿ ಕಾಣುತ್ತವೆ. ಆಯ್ದ ಶಾಲೆಯ ಬಿ ಸೆಕ್ಷನ್‌ನಲ್ಲಿ ಪೈಲಟ್ ಮಾಡಿ ಎ ಸೆಕ್ಷನ್‌ನಲ್ಲಿ ಮುಖ್ಯ ಪರೀಕ್ಷೆ ಮಾಡಿದರೆ ಪ್ರಶ್ನೆಗಳು ಊಟದ ವಿರಾಮದಲ್ಲೇ ಹರಡುತ್ತವೆ.

ಮೂವತ್ತು ಮಕ್ಕಳ ಪೈಲಟ್ ಸೂಚನೆಗಳು ಸ್ಪಷ್ಟವಾಗಿವೆಯೇ, ಸಮಯ ಸಾಕೇ ಎಂದು ತಿಳಿಯಲು ಸಾಕಾಗಬಹುದು. ಐಟಂ ಅನಾಲಿಸಿಸ್‌ಗೆ ಸಾಲದು. ಮೂವತ್ತರಲ್ಲಿ ಮೇಲಿನ ಗುಂಪು ಎಂಟು ಮಕ್ಕಳದ್ದಾಗುತ್ತದೆ, ಒಂದು ಮಗು ಊಹಿಸಿ ಹೇಳಿದ ಉತ್ತರವೇ ಪ್ರಶ್ನೆಯ ಹಣೆಬರಹ ಬರೆಯುತ್ತದೆ. ನೂರು ಮಕ್ಕಳಿದ್ದರೆ ಕೆಲಸ ನಡೆಯುತ್ತದೆ.

ಎಲ್ಲ ಮಕ್ಕಳೂ ಮುಗಿಸುವಷ್ಟು ಸಮಯ ಕೊಡಿ. ಮೊದಲ ಮಗು ಮುಗಿಸಿದ್ದು, ಹತ್ತರಲ್ಲಿ ಒಂಬತ್ತು ಮಕ್ಕಳು ಮುಗಿಸಿದ್ದು ಯಾವಾಗ ಎಂದು ಬರೆದಿಡಿ. ಅಂತಿಮ ಪರೀಕ್ಷೆಯ ಅವಧಿ ನಿರ್ಧರಿಸುವುದು ಇದರಿಂದ. ಕೊನೆಯ ಐದಾರು ಪ್ರಶ್ನೆಗಳನ್ನು ಬಹಳ ಮಕ್ಕಳು ಖಾಲಿ ಬಿಟ್ಟಿದ್ದರೆ ಅವು ಕಠಿಣ ಎಂದು ತೀರ್ಮಾನಿಸಬೇಡಿ, ಸಮಯ ಸಾಲದೆ ಹೋಗಿರುವುದೇ ಹೆಚ್ಚು.

## ಹಂತ 6: ಐಟಂ ಅನಾಲಿಸಿಸ್

ಇಲ್ಲಿ ಆತುರ ಬೇಡ. ಇಡೀ ಕೆಲಸದ ತಿರುಳು ಇದೇ ಹಂತದಲ್ಲಿದೆ.

ಎಕ್ಸೆಲ್‌ನಲ್ಲಿ ಎರಡು ಹಾಳೆ ಮಾಡಿ. ಒಂದರಲ್ಲಿ ಮಗು ಆರಿಸಿದ ಆಯ್ಕೆಯನ್ನೇ ನಮೂದಿಸಿ: ಎ, ಬಿ, ಸಿ, ಡಿ. ಇನ್ನೊಂದರಲ್ಲಿ ಸರಿ ಇದ್ದರೆ 1, ತಪ್ಪಿದ್ದರೆ 0. ನೇರವಾಗಿ 1 ಮತ್ತು 0 ಮಾತ್ರ ತುಂಬಿದವರು ಮಗು ಯಾವ ತಪ್ಪು ಆಯ್ಕೆಗೆ ಹೋಯಿತು ಎಂಬ ಮಾಹಿತಿಯನ್ನು ಕಳೆದುಕೊಳ್ಳುತ್ತಾರೆ, ಆಮೇಲೆ ಮತ್ತೆ ನೂರು ಉತ್ತರ ಪತ್ರಿಕೆ ಬಿಡಿಸಬೇಕಾಗುತ್ತದೆ.

ಒಟ್ಟು ಅಂಕದ ಇಳಿಕೆ ಕ್ರಮದಲ್ಲಿ ಮಕ್ಕಳನ್ನು ಜೋಡಿಸಿ. ಮೇಲಿನ ಶೇ. 27 ಮತ್ತು ಕೆಳಗಿನ ಶೇ. 27 ತೆಗೆದುಕೊಳ್ಳಿ. ಕೆಲ್ಲಿ 1939ರಲ್ಲಿ ತೋರಿಸಿದ ಪ್ರಮಾಣ ಇದು. ನೂರು ಮಕ್ಕಳಲ್ಲಿ ಮೇಲೆ 27, ಕೆಳಗೆ 27. ಪ್ರತಿ ಪ್ರಶ್ನೆಗೆ ಎರಡು ಸಂಖ್ಯೆ ಬೇಕು.

ಕಠಿಣತಾ ಸೂಚ್ಯಂಕ: ಎರಡೂ ಗುಂಪಿನಲ್ಲಿ ಸರಿ ಉತ್ತರ ಬರೆದವರನ್ನು ಕೂಡಿ, 54ರಿಂದ ಭಾಗಿಸಿ. ಇದು 0.30ರಿಂದ 0.70ರ ನಡುವೆ ಇದ್ದರೆ ಒಳ್ಳೆಯದು, 0.20ರಿಂದ 0.80ರವರೆಗೂ ಇಟ್ಟುಕೊಳ್ಳುವವರಿದ್ದಾರೆ. ಹೆಸರು ಕಠಿಣತೆ ಎಂದಿದ್ದರೂ ಸಂಖ್ಯೆ ಹೆಚ್ಚಾದಷ್ಟೂ ಪ್ರಶ್ನೆ ಸುಲಭ. ಇದನ್ನು ತಲೆಕೆಳಗಾಗಿ ಓದಿ ಸುಲಭದ ಪ್ರಶ್ನೆಗಳನ್ನು ಕಠಿಣವೆಂದು ಬರೆದ ಪ್ರಬಂಧಗಳಿವೆ.

ಭೇದಕ ಶಕ್ತಿ (ಚೆನ್ನಾಗಿ ಓದುವವರನ್ನೂ ಹಿಂದಿರುವವರನ್ನೂ ಪ್ರಶ್ನೆ ಎಷ್ಟು ಬೇರ್ಪಡಿಸುತ್ತದೆ ಎಂಬುದು): ಮೇಲಿನ ಗುಂಪಿನ ಸರಿ ಉತ್ತರಗಳಿಂದ ಕೆಳಗಿನ ಗುಂಪಿನದನ್ನು ಕಳೆದು, 27ರಿಂದ ಭಾಗಿಸಿ. ಎಬೆಲ್ ಕೊಟ್ಟ ಮಾನದಂಡದಂತೆ 0.40 ಮತ್ತು ಮೇಲೆ ಬಹಳ ಒಳ್ಳೆಯ ಪ್ರಶ್ನೆ. 0.30ರಿಂದ 0.39 ಚೆನ್ನಾಗಿದೆ. 0.20ರಿಂದ 0.29 ತಿದ್ದಬೇಕು. ಅದಕ್ಕಿಂತ ಕಡಿಮೆ ಇದ್ದರೆ ಬಿಡಬೇಕು ಅಥವಾ ಹೊಸದಾಗಿ ಬರೆಯಬೇಕು.

ಈಗ ಎರಡು ಪ್ರಶ್ನೆಗಳನ್ನು ಹತ್ತಿರದಿಂದ ನೋಡಿ.

‘ಹರಿತವಾದ ಚಾಕು ಹಣ್ಣನ್ನು ಸುಲಭವಾಗಿ ಕತ್ತರಿಸಲು ಕಾರಣವೇನು?’ ಮೇಲಿನ ಗುಂಪಿನಲ್ಲಿ 21, ಕೆಳಗಿನದರಲ್ಲಿ 9 ಮಕ್ಕಳು ಸರಿ ಉತ್ತರ ಕೊಟ್ಟರು ಎಂದುಕೊಳ್ಳಿ. ಕಠಿಣತೆ 30 ಭಾಗಿಸು 54, ಅಂದರೆ 0.56. ಭೇದಕ ಶಕ್ತಿ 12 ಭಾಗಿಸು 27, ಅಂದರೆ 0.44. ಕಣ್ಣು ಮುಚ್ಚಿ ಉಳಿಸಿಕೊಳ್ಳಬಹುದು.

‘ವಸ್ತುವಿನ ಮೇಲೆ ಬಲ ಪ್ರಯೋಗಿಸಿದಾಗ ಬದಲಾಗಬಹುದಾದದ್ದು ಯಾವುದು?’ ಆಯ್ಕೆಗಳು: ಚಲನೆಯ ವೇಗ, ಚಲನೆಯ ದಿಕ್ಕು, ಬಣ್ಣ, ರಾಶಿ. ಕೀ ಉತ್ತರ ವೇಗ. ಮೇಲಿನ ಗುಂಪಿನಲ್ಲಿ 8, ಕೆಳಗಿನದರಲ್ಲಿ 11 ಸರಿ. ಕಠಿಣತೆ 0.35, ನೋಡಲು ಏನೂ ದೋಷವಿಲ್ಲ. ಭೇದಕ ಶಕ್ತಿ ಮಾತ್ರ ಮೈನಸ್ 0.11. ಚೆನ್ನಾಗಿ ಓದುವ ಮಕ್ಕಳೇ ಹೆಚ್ಚು ತಪ್ಪಿದ್ದಾರೆ! ಮೊದಲ ಹಾಳೆ ತೆರೆದರೆ ಕಾರಣ ಸಿಗುತ್ತದೆ: ಮೇಲಿನ 27ರಲ್ಲಿ 15 ಮಕ್ಕಳು ‘ದಿಕ್ಕು’ ಆರಿಸಿದ್ದಾರೆ. ಬಲ ವೇಗವನ್ನೂ ಬದಲಿಸುತ್ತದೆ, ದಿಕ್ಕನ್ನೂ ಬದಲಿಸುತ್ತದೆ. ಪ್ರಶ್ನೆಗೆ ಎರಡು ಸರಿ ಉತ್ತರಗಳಿವೆ. ಮಕ್ಕಳು ತಪ್ಪಲಿಲ್ಲ, ಪ್ರಶ್ನೆ ತಪ್ಪಾಗಿತ್ತು. ಕಠಿಣತೆಯನ್ನು ಮಾತ್ರ ಲೆಕ್ಕ ಹಾಕಿದ್ದರೆ ಇದು ಅಂತಿಮ ಪರೀಕ್ಷೆಗೆ ಹೋಗುತ್ತಿತ್ತು.

ಹಾಗಾಗಿ ಭೇದಕ ಶಕ್ತಿ ಋಣಾತ್ಮಕವಾಗಿದ್ದರೆ ಮೊದಲು ಕೀ ಉತ್ತರ, ಆಮೇಲೆ ಆಯ್ಕೆಗಳು, ಆಮೇಲೆ ವಾಕ್ಯ, ಈ ಕ್ರಮದಲ್ಲಿ ನೋಡಿ. ನಾಲ್ಕು ಆಯ್ಕೆಯ ಪ್ರಶ್ನೆಯಲ್ಲಿ ಬರೀ ಊಹೆಗೇ ಕಠಿಣತಾ ಸೂಚ್ಯಂಕ 0.25 ಬರುತ್ತದೆ, ಅದಕ್ಕಿಂತ ಕಡಿಮೆ ಇದ್ದರೂ ಕೀ ಉತ್ತರದ ಮೇಲೇ ಮೊದಲ ಅನುಮಾನ. ಒಂದು ಮಗುವೂ ಆರಿಸದ ಆಯ್ಕೆ ಇದ್ದೂ ಇಲ್ಲದಂತೆ. ಮೇಲಿನ ಉದಾಹರಣೆಯ ‘ಬಣ್ಣ’ ಅಂಥದ್ದಾಗುವ ಸಾಧ್ಯತೆ ಹೆಚ್ಚು, ಅದನ್ನು ಬದಲಿಸಿ.

ಮಾಪನಿಗೆ ಬೇರೆ ದಾರಿ. ಪ್ರತಿ ಹೇಳಿಕೆಗೂ ಅದೊಂದನ್ನು ಬಿಟ್ಟು ಉಳಿದ ಹೇಳಿಕೆಗಳ ಮೊತ್ತಕ್ಕೂ ಇರುವ ಸಹಸಂಬಂಧ (ಎರಡೂ ಒಟ್ಟಿಗೆ ಏರಿಳಿಯುವ ಪ್ರಮಾಣ) ನೋಡಿ. 0.30ಕ್ಕಿಂತ ಕೆಳಗಿದ್ದರೆ ಪರಿಶೀಲಿಸಿ, 0.20ಕ್ಕಿಂತ ಕೆಳಗಿದ್ದರೆ ತೆಗೆಯಿರಿ. ಆದರೆ ಇದಕ್ಕೂ ಮೊದಲು ನಕಾರಾತ್ಮಕ ಹೇಳಿಕೆಗಳ ಅಂಕವನ್ನು ತಿರುಗಿಸಿರಬೇಕು. ಐದು ಅಂಶಗಳ ಮಾಪನಿಯಲ್ಲಿ 6ರಿಂದ ಮಗುವಿನ ಅಂಕ ಕಳೆದರೆ ಆಯಿತು: 5 ಇದ್ದದ್ದು 1, 4 ಇದ್ದದ್ದು 2. ಖಾಲಿ ಬಿಟ್ಟ ಹೇಳಿಕೆಗೆ 0 ಹಾಕಬೇಡಿ, 1ರಿಂದ 5ರ ಮಾಪನಿಯಲ್ಲಿ ಸೊನ್ನೆ ಎಂಬ ಅಂಕವೇ ಇಲ್ಲ. ಖಾಲಿಯಾಗಿಯೇ ಬಿಡಿ.

ಕೈಬಿಡುವ ಕೆಲಸ ಮುಗಿದ ಮೇಲೆ ನೀಲನಕ್ಷೆಯನ್ನು ಮತ್ತೆ ತೆಗೆಯಿರಿ. ಸಾಮಾನ್ಯವಾಗಿ ಅನ್ವಯದ ಪ್ರಶ್ನೆಗಳೇ ಹೆಚ್ಚು ಬಿದ್ದಿರುತ್ತವೆ, ಯಾಕೆಂದರೆ ಅವನ್ನು ಬರೆಯುವುದು ಕಷ್ಟ. ‘ದ್ರವಗಳ ಒತ್ತಡ’ದ ಸಾಲು ಖಾಲಿಯಾಗಿದ್ದರೆ ಹೆಚ್ಚುವರಿಯಾಗಿ ಬರೆದಿಟ್ಟವುಗಳಿಂದ ತುಂಬಿಸಿ. ಸಂಖ್ಯೆ ಚೆನ್ನಾಗಿದೆ ಎಂದು ಘಟಕದ ಒಂದು ಭಾಗವನ್ನೇ ಬಿಟ್ಟ ಪರೀಕ್ಷೆಗೆ ವಿಷಯ ಸಪ್ರಮಾಣತೆ ಉಳಿಯುವುದಿಲ್ಲ.

## ಹಂತ 7: ವಿಶ್ವಾಸಾರ್ಹತೆ

ಈಗ, ಈಗ ಮಾತ್ರ ವಿಶ್ವಾಸಾರ್ಹತೆ. ಉಳಿದ ಪ್ರಶ್ನೆಗಳಿಗೆ ಮಾತ್ರ.

ಸರಿ, ತಪ್ಪು ಎಂದು ಅಂಕ ಕೊಡುವ ಪರೀಕ್ಷೆಗೆ ಕೂಡರ್ ಮತ್ತು ರಿಚರ್ಡ್‌ಸನ್ 1937ರಲ್ಲಿ ಕೊಟ್ಟ ಕೆಆರ್-20 ಸೂತ್ರ. ಪ್ರತಿ ಪ್ರಶ್ನೆಗೆ ಸರಿ ಬರೆದವರ ಪ್ರಮಾಣವನ್ನು ತಪ್ಪು ಬರೆದವರ ಪ್ರಮಾಣದಿಂದ ಗುಣಿಸಿ, ಎಲ್ಲವನ್ನೂ ಕೂಡಿ. ಆ ಮೊತ್ತವನ್ನು ಒಟ್ಟು ಅಂಕಗಳ ವಿಚಲನ ವರ್ಗದಿಂದ (ಅಂಕಗಳು ಎಷ್ಟು ಹರಡಿವೆ ಎಂಬುದರ ಅಳತೆ), ಅಂದರೆ ವೇರಿಯನ್ಸ್‌ನಿಂದ, ಭಾಗಿಸಿ 1ರಿಂದ ಕಳೆಯಿರಿ. ಬಂದದ್ದನ್ನು ಪ್ರಶ್ನೆಗಳ ಸಂಖ್ಯೆಯಿಂದ ಗುಣಿಸಿ, ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ಭಾಗಿಸಿ. 30 ಪ್ರಶ್ನೆ, ಮೊತ್ತ 6, ವೇರಿಯನ್ಸ್ 30 ಎಂದಾದರೆ 0.83 ಬರುತ್ತದೆ. ಇಲ್ಲಿ ನೂರೂ ಮಕ್ಕಳ ಅಂಕ ಬೇಕು, ಮೇಲಿನ ಕೆಳಗಿನ ಗುಂಪು ಮಾತ್ರ ಸೇರಿಸಿದರೆ ಸಂಖ್ಯೆ ಸುಳ್ಳಾಗಿ ಉಬ್ಬುತ್ತದೆ. ಕೆಆರ್-21 ಸುಲಭ ಎಂದು ಅದಕ್ಕೆ ಹೋಗಬೇಡಿ. ಎಲ್ಲ ಪ್ರಶ್ನೆಗಳ ಕಠಿಣತೆ ಒಂದೇ ಎಂದು ಅದು ಭಾವಿಸುತ್ತದೆ, ನಿಮ್ಮ ಪರೀಕ್ಷೆ ಹಾಗಿಲ್ಲ.

ಮಾಪನಿಗೆ ಕ್ರಾನ್‌ಬಾಕ್ 1951ರಲ್ಲಿ ವಿವರಿಸಿದ ಆಲ್ಫಾ, ಅಂದರೆ ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದರ ಅಳತೆ. ಆಸಕ್ತಿಗೆ ಒಂದು, ಆತಂಕಕ್ಕೆ ಒಂದು, ಉಪಯುಕ್ತತೆಗೆ ಒಂದು ಎಂದು ಆಯಾಮವಾರು ಲೆಕ್ಕ ಹಾಕಿ. ಹೇಳಿಕೆಗಳ ಸಂಖ್ಯೆ ಹೆಚ್ಚಿದಷ್ಟೂ ಆಲ್ಫಾ ಏರುತ್ತದೆ, ಹಾಗಾಗಿ ಮೂರನ್ನೂ ಬೆರೆಸಿ ಬಂದ 0.88 ಮೂರೂ ಚೆನ್ನಾಗಿವೆ ಎಂದು ಹೇಳುವುದಿಲ್ಲ. ಸಂಶೋಧನೆಗೆ ಸಾಮಾನ್ಯವಾಗಿ 0.70 ಕನಿಷ್ಠ. 0.95 ದಾಟಿದರೆ ಸಂಭ್ರಮಿಸಬೇಡಿ. ಒಂದೇ ಮಾತನ್ನು ಬೇರೆ ಬೇರೆ ಪದಗಳಲ್ಲಿ ಕೇಳಿರುವ ಸಾಧ್ಯತೆ ಇದೆ. ಆಲ್ಫಾ ಋಣಾತ್ಮಕ ಬಂದರೆ ನಕಾರಾತ್ಮಕ ಹೇಳಿಕೆ ತಿರುಗಿಸುವುದು ಮರೆತಿದ್ದೀರಿ ಎಂದೇ ಹೆಚ್ಚಿನ ಸಲ ಅರ್ಥ.

ಅರ್ಧ ವಿಭಜನೆ ವಿಧಾನ ಬಳಸಿದರೆ ಬೆಸ ಮತ್ತು ಸಮ ಪ್ರಶ್ನೆಗಳ ಸಹಸಂಬಂಧವನ್ನೇ ಬರೆದು ನಿಲ್ಲಿಸಬೇಡಿ, ಅದು ಅರ್ಧ ಪರೀಕ್ಷೆಯದು. ಸ್ಪಿಯರ್‌ಮನ್–ಬ್ರೌನ್ ಸೂತ್ರದಿಂದ ಸರಿಪಡಿಸಿದರೆ 0.70 ಇದ್ದದ್ದು 0.82 ಆಗುತ್ತದೆ. ಪರೀಕ್ಷೆ–ಮರುಪರೀಕ್ಷೆ ವಿಧಾನ ಮನೋಭಾವ ಮಾಪನಿಗೆ ಎರಡು ಮೂರು ವಾರಗಳ ಅಂತರದಲ್ಲಿ ಹೊಂದುತ್ತದೆ. ಸಾಧನಾ ಪರೀಕ್ಷೆಗೆ ಹೊಂದುವುದಿಲ್ಲ, ನಡುವೆ ಪಾಠ ನಡೆದಿರುತ್ತದೆ.

ಪೂರ್ವ ಪರೀಕ್ಷೆ, ಉತ್ತರ ಪರೀಕ್ಷೆ ಇರುವ ಪ್ರಾಯೋಗಿಕ ಅಧ್ಯಯನವಾದರೆ ಮಾಪನದ ಪ್ರಮಾಣಿತ ದೋಷವನ್ನೂ (ಒಂದು ಮಗುವಿನ ಅಂಕದಲ್ಲಿ ಇರಬಹುದಾದ ಏರುಪೇರು) ಲೆಕ್ಕ ಹಾಕಿ. 1ರಿಂದ ವಿಶ್ವಾಸಾರ್ಹತೆ ಕಳೆದು, ವರ್ಗಮೂಲ ತೆಗೆದು, ಪ್ರಮಾಣಿತ ವಿಚಲನದಿಂದ, ಅಂದರೆ ವೇರಿಯನ್ಸ್‌ನ ವರ್ಗಮೂಲದಿಂದ, ಗುಣಿಸಬೇಕು. ನಮ್ಮ ಉದಾಹರಣೆಯಲ್ಲಿ ಅದು ಸುಮಾರು 2.3 ಅಂಕ. ಅಂದಮೇಲೆ ಒಂದು ಮಗುವಿನ ಅಂಕ 17ರಿಂದ 19ಕ್ಕೆ ಏರಿತು ಎಂದು ಆ ಮಗು ಸುಧಾರಿಸಿತು ಎನ್ನುವಂತಿಲ್ಲ. ಗುಂಪಿನ ಸರಾಸರಿಯ ಹೋಲಿಕೆ ಬೇರೆ ಮಾತು.

## ಹಂತ 8: ವೀಕ್ಷಣಾ ಪಟ್ಟಿ ಇದ್ದರೆ

ತರಗತಿ ವೀಕ್ಷಣೆಗೆ ಇಬ್ಬರು ವೀಕ್ಷಕರು ಬೇಕು, ಇಬ್ಬರೂ ಒಂದೇ ಪಾಠವನ್ನು ಬೇರೆ ಬೇರೆಯಾಗಿ ದಾಖಲಿಸಬೇಕು. ಶೇಕಡಾ ಒಮ್ಮತ ಮಾತ್ರ ಕೊಟ್ಟರೆ ಮೋಸ ಹೋಗುತ್ತೀರಿ. ‘ಮಗು ಪ್ರಶ್ನೆ ಕೇಳಿತೇ?’ ಎಂಬುದಕ್ಕೆ 50 ವೀಕ್ಷಣೆಗಳಲ್ಲಿ ಇಬ್ಬರೂ 43 ಸಲ ‘ಇಲ್ಲ’, 2 ಸಲ ‘ಹೌದು’ ಎಂದು, 5 ಸಲ ಭಿನ್ನವಾಗಿ ಬರೆದರೆ ಒಮ್ಮತ ಶೇ. 90. ಆದರೆ ಆಕಸ್ಮಿಕ ಒಮ್ಮತವನ್ನು ಕಳೆಯುವ ಕೋಹೆನ್ ಕಪ್ಪಾ ಸುಮಾರು 0.39 ಮಾತ್ರ. ‘ಹೌದು’ ಎಂದರೆ ಏನು ಎಂಬುದರಲ್ಲೇ ಇಬ್ಬರಿಗೂ ಒಮ್ಮತವಿಲ್ಲ. ವ್ಯಾಖ್ಯೆಯನ್ನು ಬರೆದು, ಮತ್ತೆರಡು ಪಾಠ ನೋಡಿ ತರಬೇತಿ ಪಡೆದು, ಮತ್ತೆ ಲೆಕ್ಕ ಹಾಕಿ.

## ಹಂತ 9: ಸಪ್ರಮಾಣತೆಯ ಇನ್ನಷ್ಟು ಪುರಾವೆ

ಸಾಧನಾ ಪರೀಕ್ಷೆಯ ಅಂಕವನ್ನು ಅದೇ ಮಕ್ಕಳ ಸಂಕಲನಾತ್ಮಕ ಪರೀಕ್ಷೆಯ ವಿಜ್ಞಾನದ ಅಂಕದೊಂದಿಗೆ ಹೋಲಿಸಿ. ಸಾಧಾರಣ ಧನಾತ್ಮಕ ಸಹಸಂಬಂಧ ನಿರೀಕ್ಷಿತ. ಮಾಪನಿಗೆ ಅಂಶ ವಿಶ್ಲೇಷಣೆ, ಅಂದರೆ ಫ್ಯಾಕ್ಟರ್ ಅನಾಲಿಸಿಸ್ (ಯಾವ ಹೇಳಿಕೆಗಳು ಒಂದೇ ಗುಂಪಾಗಿ ಸೇರುತ್ತವೆ ಎಂದು ನೋಡುವ ಲೆಕ್ಕ), ಮಾಡುವುದಾದರೆ ಪ್ರತಿ ಹೇಳಿಕೆಗೆ ಐದರಿಂದ ಹತ್ತು ಮಕ್ಕಳಿರಬೇಕು, ಕೆಎಂಓ ಮೌಲ್ಯ (ದತ್ತಾಂಶ ಈ ವಿಶ್ಲೇಷಣೆಗೆ ತಕ್ಕದ್ದೇ ಎಂದು ಹೇಳುವ ಅಳತೆ) 0.60ಕ್ಕಿಂತ ಮೇಲಿರಬೇಕು. ಅಷ್ಟು ಮಕ್ಕಳಿಲ್ಲದ ಎಂ.ಇಡಿ. ಪ್ರಬಂಧಕ್ಕೆ ಇದನ್ನು ಬಲವಂತವಾಗಿ ತುರುಕಬೇಡಿ. ವಿಶ್ವಾಸಾರ್ಹತೆಯ ವರ್ಗಮೂಲ ತೆಗೆದು ‘ಆಂತರಿಕ ಸಪ್ರಮಾಣತೆ 0.91’ ಎಂದು ಬರೆಯುವ ರೂಢಿಯನ್ನು ದಯವಿಟ್ಟು ನಿಲ್ಲಿಸಿ. ಒಂದೇ ಸಂಖ್ಯೆಯನ್ನು ಎರಡು ಹೆಸರಿನಲ್ಲಿ ಬರೆದರೆ ಹೊಸ ಪುರಾವೆ ಹುಟ್ಟುವುದಿಲ್ಲ.

## ಹಂತ 10: ವರದಿ, ಮತ್ತು ಮುಖ್ಯ ದತ್ತಾಂಶದ ಮೇಲೆ ಮರು ಲೆಕ್ಕ

ಪ್ರಬಂಧದ ಮೂರನೇ ಅಧ್ಯಾಯದಲ್ಲಿ ಇವಿಷ್ಟು ಇರಲಿ: ಕರಡಿನಲ್ಲಿ ಎಷ್ಟು ಪ್ರಶ್ನೆ, ಯಾವ ಹಂತದಲ್ಲಿ ಎಷ್ಟು ಬಿದ್ದವು, ಪೈಲಟ್‌ನ ಮಕ್ಕಳು ಯಾರು ಮತ್ತು ಎಷ್ಟು, ಪ್ರತಿ ಪ್ರಶ್ನೆಯ ಕಠಿಣತೆ ಮತ್ತು ಭೇದಕ ಶಕ್ತಿಯ ಕೋಷ್ಟಕ, ಯಾವ ವಿಶ್ವಾಸಾರ್ಹತೆ, ಯಾಕೆ ಅದೇ. ಅನುಬಂಧದಲ್ಲಿ ಮೊದಲ ಕರಡು, ಅಂತಿಮ ರೂಪ, ಕೀ ಉತ್ತರ, ತಜ್ಞರು ತುಂಬಿದ ಹಾಳೆಗಳು.

ಮುಖ್ಯ ದತ್ತಾಂಶ ಕೈಗೆ ಬಂದ ಮೇಲೆ ವಿಶ್ವಾಸಾರ್ಹತೆಯನ್ನು ಇನ್ನೊಮ್ಮೆ ಲೆಕ್ಕ ಹಾಕಿ, ಪೈಲಟ್‌ನ ಸಂಖ್ಯೆಯ ಪಕ್ಕದಲ್ಲೇ ಬರೆಯಿರಿ. ಪೈಲಟ್ ಸಂಖ್ಯೆ ಸ್ವಲ್ಪ ಹೆಚ್ಚಿರುವುದು ಸಹಜ, ಏಕೆಂದರೆ ಅದೇ ಮಕ್ಕಳ ಅಂಕ ನೋಡಿ ನೀವು ಪ್ರಶ್ನೆಗಳನ್ನು ಆರಿಸಿದ್ದೀರಿ. ಪೈಲಟ್‌ನಲ್ಲಿ 0.83 ಇದ್ದದ್ದು 0.78 ಆದರೆ ಚಿಂತೆಯಿಲ್ಲ.

0.55ಕ್ಕೆ ಇಳಿದರೆ? ಮೊದಲು ನಮೂದಿಸುವಾಗ ತಪ್ಪಾಗಿದೆಯೇ, ಯಾವುದಾದರೂ ಒಂದು ಶಾಲೆಯ ಉತ್ತರಗಳೆಲ್ಲ ಒಂದೇ ಥರ ಇವೆಯೇ ಎಂದು ನೋಡಿ. ಆಮೇಲೆ ಅಂಕಗಳ ಹರಡುವಿಕೆ ನೋಡಿ: ಎಲ್ಲ ಮಕ್ಕಳೂ ಒಂದೇ ಮಟ್ಟದವರಾಗಿದ್ದರೆ ವೇರಿಯನ್ಸ್ ಕುಗ್ಗಿ ವಿಶ್ವಾಸಾರ್ಹತೆಯೂ ಕುಗ್ಗುತ್ತದೆ. ಕಾರಣ ಏನೇ ಇರಲಿ, ಸಂಖ್ಯೆ ಏರಿಸಲೆಂದು ಈಗ ಪ್ರಶ್ನೆಗಳನ್ನು ಒಂದೊಂದಾಗಿ ತೆಗೆಯಬೇಡಿ. ಬಂದದ್ದನ್ನು ಬಂದಂತೆ ಬರೆಯಿರಿ, ಆ ಉಪಕರಣದ ಮೇಲೆ ನಿಂತ ತೀರ್ಮಾನಗಳನ್ನು ಅಷ್ಟೇ ಹಗುರವಾಗಿ ಹೇಳಿ, ಮಾರ್ಗದರ್ಶಕರೊಂದಿಗೆ ಕೂತು ಯಾವ ಊಹಾಕಲ್ಪನೆಯನ್ನು ಪರೀಕ್ಷಿಸಬಹುದು, ಯಾವುದನ್ನು ಕೈಬಿಡಬೇಕು ಎಂದು ಪ್ರಬಂಧ ಸಲ್ಲಿಸುವ ಮೊದಲೇ ನಿರ್ಧರಿಸಿ.